ಹಂದಿಮೂತಿಯ ದುರಸ್ತಿ

ಫೆಬ್ರವರಿ 26

ಸೊಸೆಗೆ, ಮಾವ ಬರೆಯುವ ಕಾಗದ.

ಫೋನಿನಲ್ಲಿ ನಾನು "ಆಂ? ಆಂ?" ಎನ್ನುವುದು, ನೀನು ಆ ಕಡೆಯಿಂದ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುವುದು, ಅದೆಲ್ಲ ಸಾಕು. ಜೀವಮಾನವೆಲ್ಲ ತಗಡು ಬಡಿದ ಕಿವಿ, ಇನ್ನು ಹೇಗಿದ್ದೀತು? ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈಕೊಳ್ಳಬೇಡ.

ಚಳಿ ಹೋಯಿತು. ಗ್ಯಾರೇಜಿನ ಹಿಂದಿನ ಮರ ಚಿಗುರಿದೆ. ಅದರ ಪಕ್ಕ ತಗಡಿನ ಮಾಡಿನ ಕೆಳಗೆ ನಮ್ಮ ಹಳೆಯ ಲಾರಿ ನಿಂತಿತ್ತಲ್ಲ, ಹಂದಿಮೂತಿ, ಅದನ್ನು ಎಳೆದು ಹೊರಗೆ ನಿಲ್ಲಿಸಿದ್ದೇನೆ. ಮುಂದಕ್ಕೆ ಚಾಚಿದ ಬಾನೆಟ್ಟು ನೋಡಿ ನಿಮ್ಮತ್ತೆ ಇಟ್ಟ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ನೀನು ಅದರ ಮೇಲೆ ಸೀರೆ ಒಣಹಾಕಿ ತುಕ್ಕಿನ ಕಲೆ ಮಾಡಿಕೊಂಡು ಅತ್ತಿದ್ದೆ.

ಪಕ್ಕದ ವೆಲ್ಡರ್ ಬಂದು ಕೇಳಿದ, "ಏನ್ರೀ, ಗುಜರಿಗೆ ಹಾಕ್ತೀರಾ?"

"ಇಲ್ಲ, ಓಡಿಸ್ತೀನಿ."

"ಅದಕ್ಕೂ ವಯಸ್ಸಾಯ್ತು, ನಿಮಗೂ ಆಯ್ತು. ಯಾರು ಯಾರನ್ನ ತಳ್ಳೋದು?" ಎಂದು ನಕ್ಕ.

ಎಂಜಿನ್ ಜಾಮ್ ಆಗಿದೆ. ಸಿಲಿಂಡರಿಗೆಲ್ಲ ಡೀಸೆಲ್ಲು, ಆಯಿಲ್ಲು ಬೆರೆಸಿ ಸುರಿದು ನೆನೆಯಲು ಬಿಟ್ಟಿದ್ದೇನೆ. ಸೈಲೆನ್ಸರ್ ಪೈಪಿನಲ್ಲಿ ಕಣಜದ ಗೂಡು. ಲಾರಿಯ ಭಾರ ಹೊರುವ ಕಮಾನ್ ಪಟ್ಟಿಗಳು ಒಂದಕ್ಕೊಂದು ತುಕ್ಕು ಹಿಡಿದು ಅಂಟಿಕೊಂಡಿವೆ, ಜಗಳವಾಡಿ ಮಾತು ಬಿಟ್ಟರೂ ಒಂದೇ ಮನೆಯಲ್ಲಿರುವ ಅಣ್ಣತಮ್ಮಂದಿರ ಹಾಗೆ. ಯಾಕೆ ಈಗ ಈ ಉಸಾಬರಿ ಎಂದು ಕೇಳಬೇಡ. ವಸಂತದಲ್ಲಿ ಗಾಳಿ ಒಣಗಿರುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ, ಅಷ್ಟೇ.

ಮೊಮ್ಮಗಳು ಪುಟ್ಟಿ ಹೇಗಿದ್ದಾಳೆ? ಸಂಜೆ ಮಬ್ಬಿನಲ್ಲಿ ಆಡುವಾಗ ಎಡವಿ ಬೀಳುತ್ತಾಳಾ? ಸುಮ್ಮನೆ ಕೇಳಿದೆ.

ನಿನ್ನ ಮಾವ

*

ಮಾರ್ಚ್ 8

ಮಾವ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ನೋಡಿ ಮೊದಲು ಹೆದರಿದೆ. ನೀವು ಬರೆಯುವವರಲ್ಲ, ಏನೋ ಆಗಿದೆ ಎಂದುಕೊಂಡೆ. ಓದಿದ ಮೇಲೆ ನಗು ಬಂತು. ಆ ಸೀರೆಯ ಕಲೆ ಇನ್ನೂ ಹೋಗಿಲ್ಲ.

ಪುಟ್ಟಿ ಬೀಳದೆ ಇರುತ್ತಾಳಾ? ಮಕ್ಕಳಿಗೆ ನೆಲ ಕಂಡರೆ ಬೀಳುವ ಆಸೆ. ಮೊಣಕಾಲಿನಲ್ಲಿ ಯಾವಾಗಲೂ ಒಂದು ಗಾಯ. ನೀವು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ನಾನು ಕುಶನ್ ಅಂಗಡಿಗೆ ಹೋಗುತ್ತಲೇ ಇದ್ದೇನೆ. ಬಸ್ ಡಿಪೋದ ಸೀಟುಗಳೆಲ್ಲ ಈಗ ನಮ್ಮಲ್ಲೇ ಹೊಲಿಯುವುದು. ರೆಕ್ಸಿನ್ ವಾಸನೆ ಕೂದಲಿಗೂ ಹತ್ತಿದೆ. ನಿಮ್ಮ ಲಾರಿಯ ಸೀಟು ನಾನೇ ಮಾಡಿ ಕಳಿಸುತ್ತೇನೆ, ಅಳತೆ ಬರೆಯಿರಿ.

ಇವರು ಚೆನ್ನಾಗಿದ್ದಾರೆ. ಡಿಪೋದವರು ದೂರದ ರೂಟಿಗೆ ಹಾಕಿದ್ದಾರೆ, ಮನೆಗೆ ಬರುವುದೇ ಅಪರೂಪ. ಬಂದರೂ ಮಲಗಿ ಎದ್ದು ಹೊರಡುವುದೇ ಆಗುತ್ತದೆ. ನಿಮಗೂ ಅವರಿಗೂ ಮಾತಿಲ್ಲ ಎಂದು ಗೊತ್ತು. ಅಪ್ಪನ ಗ್ಯಾರೇಜು ಬೇಡ, ಬಸ್ಸು ಓಡಿಸುವುದೇ ಸಾಕು ಎಂದು ಅವರು ಬಂದದ್ದು ನಿಮಗೆ ಇನ್ನೂ ಚುಚ್ಚುತ್ತಿರಬಹುದು. ನೀವು ಕೇಳದಿದ್ದರೂ ಹೇಳುವುದು ನನ್ನ ಧರ್ಮ ಎಂದು ಹೇಳಿದೆ.

ನಿಮ್ಮ ಸೊಸೆ

*

ಮಾರ್ಚ್ 19

ಸೊಸೆಗೆ,

ಸೀಟಿನ ಅಳತೆಯ ಚೀಟಿ ಇದರ ಜೊತೆ ಇಟ್ಟಿದ್ದೇನೆ. ಡ್ರೈವರ್ ಸೀಟನ್ನು ಮೊದಲಿಗಿಂತ ಸ್ವಲ್ಪ ಹಿಂದಕ್ಕೆ ಸರಿಸುವಂತೆ ಫ್ರೇಮು ಮಾಡಿದ್ದೇನೆ, ಕಾಲು ಚಾಚಲು ಜಾಗ ಬೇಕು. ಬೆನ್ನು ಎತ್ತರವಾಗಿರಲಿ.

ಕೆಲಸ ಕುದುರಿದೆ. ಎಂಜಿನ್ ಬಿಟ್ಟುಕೊಂಡಿತು. ಹ್ಯಾಂಡಲ್ ಹಾಕಿ ತಿರುಗಿಸಿದಾಗ ಒಳಗಿಂದ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು. ಕ್ಯಾಬಿನ್ನಿನ ನೆಲ ಪೂರ್ತಿ ಹೋಗಿದೆ, ಕಾಲಿಟ್ಟರೆ ರಸ್ತೆ. ಹೊಸ ತಗಡು ಕತ್ತರಿಸಿ ಕೂರಿಸಬೇಕು. ವೆಲ್ಡರ್ ಮಗಳ ಮನೆಗೆ ಹೋಗಿ ಕೂತಿದ್ದಾನೆ, ಬರುವವರೆಗೆ ಆ ಕೆಲಸ ನಿಂತಿದೆ. ಬಾನೆಟ್ಟಿನ ಹಳ್ಳಗಳಿಗೆಲ್ಲ ಪುಟ್ಟಿ ಬಳಿದೆ. ನಮ್ಮ ಪುಟ್ಟಿ ಅಲ್ಲ, ಡಬ್ಬಿಯ ಪುಟ್ಟಿ. ನಿನ್ನೆ ಬ್ರೇಕು ಮುಗಿಯಿತು. ರಬ್ಬರುಗಳನ್ನೆಲ್ಲ ಬದಲಾಯಿಸಿ, ಹೊಸ ಆಯಿಲ್ ತುಂಬಿ, ನಾಲ್ಕು ಚಕ್ರದ ಬ್ರೇಕ್ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದೆವು. ಪೆಡಲು ಈಗ ಕಲ್ಲಿನ ಹಾಗೆ ನಿಲ್ಲುತ್ತದೆ.

ಪುಟ್ಟಿಯ ವಿಷಯ ನೀನು ತಮಾಷೆ ಮಾಡಿದೆ. ದೀಪ ಹಾಕದ ಕೋಣೆಗೆ ಹೋಗಿ ಒಂದು ಸಾಮಾನು ತಾ ಅಂದರೆ ತರುತ್ತಾಳಾ? ನೋಡಿ ಬರೆ. ಮುದುಕನ ಹಟ ಎಂದುಕೋ.

ಮಾವ

*

ಏಪ್ರಿಲ್ 2

ಮಾವ ಅವರಿಗೆ,

ಸೀಟಿನ ಕೆಲಸ ಅರ್ಧ ಆಗಿದೆ. ಅದಲ್ಲ ಬರೆಯಬೇಕಾದ್ದು.

ನಮ್ಮ ಅಂಗಡಿ ಡಿಪೋದ ವರ್ಕ್‌ಶಾಪಿಗೆ ಅಂಟಿಕೊಂಡೇ ಇದೆ. ಬ್ರೇಕಿನ ಗಾಳಿ ತೆಗೆಯುವುದನ್ನು ದಿನಾ ನೋಡುತ್ತೇನೆ. ಒಬ್ಬ ಮೇಲೆ ಕೂತು ಪೆಡಲು ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಕೆಳಗೆ ಮಲಗಿ ಚಕ್ರದ ಬಳಿಯ ನಿಪ್ಪಲ್ ಬಿಚ್ಚಿ ಗಾಳಿ ಬಿಡುತ್ತಾನೆ. "ಒತ್ತು", "ಬಿಡು" ಎಂದು ಕೂಗಾಡುತ್ತಾರೆ. ಅದು ಇಬ್ಬರ ಕೆಲಸ. ನೀವು "ತೆಗೆದೆವು" ಎಂದು ಬರೆದಿದ್ದೀರಿ. ವೆಲ್ಡರ್ ಊರಲ್ಲಿಲ್ಲ ಎಂದೂ ನೀವೇ ಬರೆದಿದ್ದೀರಿ. ಮತ್ತೆ ಪೆಡಲು ಒತ್ತಿದವರು ಯಾರು?

ಸೀಟಿನ ಫ್ರೇಮನ್ನು ಹಿಂದಕ್ಕೆ ಸರಿಸಿದ್ದು ಯಾರಿಗೆ? ನಿಮ್ಮ ಕಾಲಿಗೆ ಆ ಅಳತೆ ಹಾಕಿದರೆ ಪೆಡಲೇ ಸಿಗುವುದಿಲ್ಲ. ಅದು ಉದ್ದ ಮನುಷ್ಯನ ಅಳತೆ. ಆ ಉದ್ದದ ಪ್ಯಾಂಟು ನಾನು ಹೊಲಿದು ಗೊತ್ತು.

ಮಾವ, ನಾನೂ ನಿಮಗೆ ಸುಳ್ಳು ಹೇಳಿದ್ದೇನೆ. ದೂರದ ರೂಟೂ ಇಲ್ಲ, ಏನೂ ಇಲ್ಲ. ಫೆಬ್ರವರಿ ಮೊದಲ ವಾರ ಇವರು ಒಂದು ಚೀಲ ಹಿಡಿದು ಹೋದವರು ಬರಲಿಲ್ಲ. ಫೋನ್ ಬಂದ್. ನಿಮ್ಮ ಕಡೆ ಬಂದಾರು ಎಂದು ನನಗೆ ಕನಸಿನಲ್ಲೂ ಹೊಳೆಯಲಿಲ್ಲ. ಬೇರೆ ಹೆಂಗಸು ಎಂದುಕೊಂಡೆ. ಅವರ ಬಸ್ಸಿನಲ್ಲಿ ಒಬ್ಬಳು ಕಂಡಕ್ಟರ್ ಇದ್ದಳು, ನಗುನಗುತ್ತಾ ಮಾತಾಡುವವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ ಅದೇ ವಾರ ಊರಿನ ಆ ತುದಿಯಲ್ಲಿರುವ ಅವರ ಡಿಪೋಗೆ ಹೋಗಿ ಎಲ್ಲರ ಎದುರು ಅವಳ ಮೇಲೆ ಹಾರಾಡಿದೆ.

ಅವಳು ಸಿಟ್ಟಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಅವರು ಡ್ಯೂಟಿಗೆ ಬರೋದು ಬಿಟ್ಟು ಎರಡು ತಿಂಗಳ ಮೇಲಾಯ್ತು. ನಿಮಗೆ ಗೊತ್ತಿಲ್ವಾ?" ಎಂದಳು. ಯಾಕೆ ಬಿಟ್ಟರು ಎಂದರೆ, "ಆಫೀಸಲ್ಲಿ ಏನೋ ಆಯ್ತು, ನಮಗೂ ಹೇಳಿಲ್ಲ" ಎಂದಳು.

ಎರಡು ತಿಂಗಳು, ಮಾವ. ಎರಡು ತಿಂಗಳು ದಿನಾ ಬೆಳಿಗ್ಗೆ ಆ ಖಾಕಿ ಶರ್ಟು ಇಸ್ತ್ರಿ ಮಾಡಿ ಕೊಟ್ಟಿದ್ದೇನೆ. ಅವರು ಹಾಕಿಕೊಂಡು "ಬರ್ತೀನಿ" ಎಂದು ಹೋಗಿದ್ದಾರೆ. ಎಲ್ಲಿಗೆ?

ಒಂದು ಕಾಗದದಲ್ಲೂ ನೀವು ನಿಮ್ಮ ಮಗ ಹೇಗಿದ್ದಾನೆ ಎಂದು ಕೇಳಲಿಲ್ಲ. ಹಳೆಯ ಸಿಟ್ಟು ಎಂದುಕೊಂಡೆ, ದಡ್ಡಿ ನಾನು. ಪಕ್ಕದಲ್ಲೇ ಇರುವವನನ್ನು ಯಾರು ಕೇಳುತ್ತಾರೆ?

ನಿಜ ಬರೆಯಿರಿ.

*

ಏಪ್ರಿಲ್ 9

ಮಗಳೇ,

ಇಲ್ಲೇ ಇದ್ದಾನೆ. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಈಗ ಆ ಮಾತು ಮುರಿಯುತ್ತಿದ್ದೇನೆ.

ಆವತ್ತು ಮಧ್ಯಾಹ್ನ ಗ್ಯಾರೇಜಿನ ಬಾಗಿಲಿಗೆ ನೆರಳು ಬಿತ್ತು. ಗಿರಾಕಿ ಎಂದುಕೊಂಡು ತಲೆ ಎತ್ತದೆ, "ಇವತ್ತು ಆಗಲ್ಲ, ನಾಳೆ ಬನ್ನಿ" ಎಂದೆ.

"ನಾಳೆಗೆ ಇನ್ನೂ ಕಮ್ಮಿ ಕಾಣುತ್ತೆ, ಅಪ್ಪ" ಎಂದ. ಗಟ್ಟಿಯಾಗಿಯೇ ಹೇಳಿದ, ನನಗೆ ಕೇಳಿಸಿತು. ಅರ್ಥವಾಗಲಿಲ್ಲ. ಒಳಗೆ ಹೆಜ್ಜೆ ಇಟ್ಟವನು ಕಾಲ ಬುಡದಲ್ಲೇ ಇದ್ದ ಜಾಕಿಗೆ ಎಡವಿ ಕೈಯೂರಿ ಬಿದ್ದ. ಹಾಡುಹಗಲು.

ಕಣ್ಣು ಹೋಗುತ್ತಿದೆ, ಮಗಳೇ. ಮೊದಲು ರಾತ್ರಿ ಕಾಣದಾಯಿತಂತೆ. ಆಮೇಲೆ ಪಕ್ಕದ್ದು. ಈಗ ಎದುರಿಗಿರುವುದು ಮಾತ್ರ, ಅದೂ ಪೈಪಿನೊಳಗಿಂದ ನೋಡಿದ ಹಾಗೆ. ನನ್ನ ಮುಖ ನೋಡಿದರೆ ಕೈ ಕಾಣುವುದಿಲ್ಲ, ಕೈ ನೋಡಿದರೆ ಮುಖ ಕಾಣುವುದಿಲ್ಲ. ಸ್ಪ್ಯಾನರ್ ಕೊಟ್ಟರೆ ಗಾಳಿಯಲ್ಲಿ ಹುಡುಕುತ್ತಾನೆ. ಡಿಪೋದ ವರ್ಷದ ತಪಾಸಣೆಯಲ್ಲಿ ಡಾಕ್ಟರಿಗೆ ಸಿಕ್ಕಿಬಿದ್ದ. ಲೈಸೆನ್ಸ್ ಹೋಯಿತು. ಔಷಧಿ ಇಲ್ಲ, ಆಪರೇಷನ್ ಇಲ್ಲ ಎಂದರಂತೆ. ಖಾಕಿ ಹಾಕಿಕೊಂಡು ಹೋಗಿ ದಿನವೆಲ್ಲ ಪಾರ್ಕಿನ ಬೆಂಚಿನ ಮೇಲೆ ಕೂತು ಬರುತ್ತಿದ್ದನಂತೆ.

"ಅವಳಿಗೆ ಯಾಕೋ ಹೇಳಲಿಲ್ಲ?" ಎಂದು ಬೈದೆ.

"ಹೇಳಿದ್ರೆ ಅವಳು ಒಂದು ಮಾತೂ ಆಡದೆ ನೋಡ್ಕೋತಾಳೆ ಅಪ್ಪ. ಅದೇ ನನಗೆ ತಡೆಯಲ್ಲ."

ನಾಲ್ಕು ಬಿಟ್ಟು ನಿನ್ನ ಹತ್ತಿರ ಓಡಿಸೋಣ ಎನ್ನಿಸಿತು. ಬದಲಿಗೆ, "ಲಾರಿ ಇದೆ, ಮಾಡೋಣ ಬಾ" ಎಂದೆ. ನನಗೆ ಗೊತ್ತಿದ್ದ ಮಾತು ಅದೊಂದೇ. ಅವನು ಚಿಕ್ಕವನಿದ್ದಾಗ ನನ್ನ ತೊಡೆ ಮೇಲೆ ಕೂತು ಸ್ಟೇರಿಂಗ್ ಹಿಡಿದದ್ದು ಈ ಲಾರಿಯಲ್ಲಿ. ಪೂರ್ತಿ ಕತ್ತಲಾಗುವ ಮೊದಲು ಒಂದು ಸಲ ಓಡಿಸಬೇಕು ಎನ್ನುತ್ತಾನೆ. ಕೈ ಇನ್ನೂ ಬಂಗಾರದಂಥದು. ಎಂಜಿನ್ನಿನೊಳಗಿನ ಟ್ಯಾಪೆಟ್ಟಿನ ಕೂದಲೆಳೆಯಷ್ಟು ಸಂದನ್ನು ಬೆರಳಲ್ಲಿ ಮುಟ್ಟಿ ನೋಡಿಯೇ ಸರಿಮಾಡಿದ.

ಪುಟ್ಟಿಯ ವಿಷಯ ಯಾಕೆ ಕೇಳಿದೆ ಎಂದು ಈಗ ನಿನಗೆ ಗೊತ್ತಾಗಿರಬೇಕು. ಇದು ರಕ್ತದಲ್ಲಿ ಬರಬಹುದು ಎಂದರಂತೆ ಡಾಕ್ಟರ್. ನಮ್ಮ ಕಡೆ ಯಾರಿಗೂ ಇಲ್ಲ. ನಿಮ್ಮತ್ತೆಯ ಸೋದರಮಾವ ಒಬ್ಬರು ಗೋಡೆ ಸವರಿಕೊಂಡು ಓಡಾಡುತ್ತಿದ್ದರು. ಕುಡಿತ ಎಂದು ಊರೆಲ್ಲ ಆಡಿಕೊಂಡಿತು. ಪಾಪ, ಕುಡಿತವಾಗಿರಲಿಲ್ಲವೇನೋ. ಪುಟ್ಟಿಗೆ ಒಮ್ಮೆ ತೋರಿಸು.

ನೀನು ಈಗ ಬರಬೇಡ. ಬಂದರೆ ಇಲ್ಲಿಂದಲೂ ಓಡುತ್ತಾನೆ, ಆಮೇಲೆ ಎಲ್ಲಿ ಹುಡುಕುವುದು? ಲಾರಿ ಮುಗಿಯಲಿ.

ಮಾವ

*

ಏಪ್ರಿಲ್ 28

ಮಾವ ಅವರಿಗೆ,

ಉತ್ತರ ತಡವಾಯಿತು. ಬರೆದು ಹರಿದು ಹಾಕಿದ್ದೇ ಹೆಚ್ಚು.

ನನಗೆ ಸಿಟ್ಟು ಬಂದಿದೆ. ಅವರ ಮೇಲೆ ಬಂದಷ್ಟೇ ನಿಮ್ಮ ಮೇಲೂ. ಇಲ್ಲಿ ನಾನು ಬಾಗಿಲು ಸದ್ದಾದಾಗಲೆಲ್ಲ ಎದ್ದು ಓಡುತ್ತಿದ್ದೆ, ಅಲ್ಲಿ ನೀವಿಬ್ಬರೂ ಬಾನೆಟ್ಟಿಗೆ ಬಣ್ಣ ಬಳಿಯುತ್ತಿದ್ದಿರಿ. ನಾನು ನೋಡಿಕೊಳ್ಳುವುದು ಅವರಿಗೆ ತಡೆಯುವುದಿಲ್ಲವಂತೆ. ಬಿಟ್ಟು ಹೋದರೆ ನನಗೆ ತಡೆಯುತ್ತದಾ ಎಂದು ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಪುಟ್ಟಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದರು. ಅವಳು ಕುಣಿಯುತ್ತಲೇ ಒಳಗೆ ಹೋದಳು. ಡಾಕ್ಟರಮ್ಮ ತುಂಬಾ ಹೊತ್ತು ಬೆಳಕು ಬಿಟ್ಟು ನೋಡಿದರು. ನಮ್ಮ ಮನೆತನದ ಕಥೆಯೆಲ್ಲ ಕೇಳಿದರು. ನಿಮ್ಮತ್ತೆಯ ಸೋದರಮಾವನ ಸಂಗತಿ ಹೇಳಿದಾಗ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ತಪ್ಪಿ ಬರೆದೆ, ನನ್ನತ್ತೆಯ ಸೋದರಮಾವ. ನಿಮ್ಮ ಕಾಗದದ ಮಾತೇ ಕೈಗೆ ಬಂತು.

ಈ ಮನೆಯಲ್ಲಿ ಇದು ಗಂಡಸರ ಕಣ್ಣು ತೆಗೆಯುವ ಜಾತಿಯದು ಇರಬೇಕು ಎಂದರು. ಹೆಣ್ಣುಮಕ್ಕಳು ಅದನ್ನು ಹೊತ್ತುಕೊಂಡು ಮುಂದಿನವರಿಗೆ ದಾಟಿಸುತ್ತಾರಂತೆ. ಪುಟ್ಟಿಯ ಕಣ್ಣಿನ ಹಿಂಭಾಗದಲ್ಲಿ ಅದರ ಗುರುತು ಇದೆ. ಅವಳಿಗೆ ದೃಷ್ಟಿ ಪೂರ್ತಿ ಹೋಗಲಿಕ್ಕಿಲ್ಲ, ಕತ್ತಲಲ್ಲಿ ಸ್ವಲ್ಪ ಮಂಕಾಗಬಹುದು, ವರ್ಷಕ್ಕೊಮ್ಮೆ ತೋರಿಸಿ ಎಂದರು. ಆಮೇಲೆ ದನಿ ತಗ್ಗಿಸಿ, "ಮುಂದೆ ಇವಳಿಗೆ ಗಂಡು ಮಗು ಆದ್ರೆ..." ಎಂದು ನಿಲ್ಲಿಸಿದರು. ಆಚೆ ಬೆಂಚಿನ ಮೇಲೆ ಪುಟ್ಟಿ ಕಾಲು ಆಡಿಸುತ್ತಾ ಕೂತಿದ್ದಳು. ಅವಳಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿಲ್ಲ.

ಇದನ್ನು ಅವರಿಗೆ ಹೇಳಬೇಡಿ. ಅವರದನ್ನು ನನ್ನಿಂದ ಬಚ್ಚಿಟ್ಟಿರಲ್ಲ, ನನ್ನದನ್ನೂ ಅವರಿಂದ ಬಚ್ಚಿಡಿ. ಗೊತ್ತಾದರೆ ಆ ಮನುಷ್ಯ ಉಳಿಯುವುದಿಲ್ಲ.

ಸೀಟುಗಳು ಪಾರ್ಸಲ್ಲಿನಲ್ಲಿ ಬರುತ್ತವೆ. ಓಡಿಸಲಿ. ರಸ್ತೆಗೆ ಮಾತ್ರ ಬೇಡ. ನೀವು ಪಕ್ಕದಲ್ಲಿ ಕೂರಿ.

*

ಮೇ 14

ಮಗಳೇ,

ಸೀಟು ಅಳತೆಗೆ ಸರಿಯಾಗಿ ಕೂತಿತು. ನೀನು ಹೊಲಿದದ್ದು ಎಂದು ನಾನು ಹೇಳಲಿಲ್ಲ. ಅವನು ಹೊಲಿಗೆಯ ಮೇಲೆ ಎರಡು ಸಲ ಬೆರಳು ಓಡಿಸಿದ. ಗೊತ್ತಾಗಿದೆ.

ಭಾನುವಾರ ಹಂದಿಮೂತಿ ಓಡಿತು. ಸಂತೆಯ ಮೈದಾನ ಅಂದು ಖಾಲಿ. ಅಲ್ಲಿವರೆಗೆ ನಾನು ತಂದೆ, ಅಲ್ಲಿ ಅವನು ಕೂತ. ಗೇರು ಹಾಕಿದ್ದು ನೋಡಬೇಕಿತ್ತು ನೀನು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಒಂದು ಸುತ್ತು ಹೊಡೆದ. ನಾನು "ಎಡ", "ನೇರ" ಎನ್ನುತ್ತಿದ್ದೆ. ಎರಡನೆಯ ಸುತ್ತಿಗೆ, "ಅಪ್ಪ, ನೀನು ಸುಮ್ನಿರು ಒಂದ್ಸಲ" ಎಂದ. ಸುಮ್ಮನಾದೆ. ಅವನ ಮುಖದಲ್ಲಿ ಅಷ್ಟು ಸುಖ ಕಂಡು ವರ್ಷಗಳಾಗಿದ್ದವು. ಅದನ್ನೇ ನೋಡುತ್ತಾ ಕೂತೆ, ಮುಂದೆ ನೋಡಲಿಲ್ಲ.

ಬಲಕ್ಕೆ ತಿರುಗಿಸುವಾಗ ಮೈದಾನದ ಗೇಟಿನ ಕಲ್ಲುಕಂಬ. ಮನುಷ್ಯನಷ್ಟು ದಪ್ಪ, ಸುಣ್ಣ ಬಳಿದದ್ದು. ಅವನಿಗೆ ಅದು ಇಲ್ಲವೇ ಇಲ್ಲ. ನಾನು ಕೂಗುವಷ್ಟರಲ್ಲಿ ಬಡಿದಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಬಾನೆಟ್ಟಿನ ಬಲಭಾಗ ಮತ್ತು ಮಡ್‌ಗಾರ್ಡು ಒಳಕ್ಕೆ ಹೋದವು. ವಸಂತವಿಡೀ ಬಡಿದು ಉಜ್ಜಿದ್ದೆಲ್ಲ ಹೋಯಿತು.

ಇಳಿದು ಬಂದು ಕೈಯಿಂದ ತಡವಿ ನೋಡಿದ. ಮೊದಲು ಲಾರಿ, ಆಮೇಲೆ ಕಂಬ. "ಇದು ಇಲ್ಲೇ ಇತ್ತಾ ಅಪ್ಪ?" ಎಂದ. "ಇತ್ತು" ಎಂದೆ. "ಇಲ್ಲಿ ಮಗು ನಿಂತಿದ್ರೆ?" ಎಂದ. ಕಂಬಕ್ಕೆ ಬೆನ್ನು ಕೊಟ್ಟು ಕೂತು ಅತ್ತ. ಅವರಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ತಲೆ ತಗ್ಗಿಸಿಯೇ ಕೇಳಿದ, "ಪುಟ್ಟಿಗೆ ಇದು ಇಲ್ಲ ತಾನೇ?"

ಮೆಲ್ಲಗೆ ಕೇಳಿದ. ಆದರೂ ನನಗೆ ಕೇಳಿಸಿತು. ಕೇಳಿಸದವನ ಹಾಗೆ ಎದ್ದು ಹೋಗಿ ಮಡ್‌ಗಾರ್ಡನ್ನು ಚಕ್ರದಿಂದ ಬಿಡಿಸತೊಡಗಿದೆ. ಅವನು ಮತ್ತೆ ಕೇಳಲಿಲ್ಲ. ನೀನು ಹೊರಿಸಿದ ಭಾರ ನಾನು ಇಳಿಸಿಲ್ಲ, ಮಗಳೇ. ಆದರೆ ಇನ್ನೊಂದು ಸಲ ಕೇಳಿದರೆ ನನ್ನಿಂದಾಗುವುದಿಲ್ಲ.

ಲಾರಿಯನ್ನು ಮತ್ತೆ ಮಾಡಿನ ಕೆಳಗೆ ತಳ್ಳಿದೆವು. ಬಡಿದು ನೆಟ್ಟಗೆ ಮಾಡೋಣ ಎಂದೆ. "ಬೇಡ, ಸಾಕು" ಎಂದ. ನಿನ್ನೆ ತಾನಾಗಿಯೇ ಕೇಳಿದ, "ಹೋದ್ರೆ ಅವಳು ಬಾಗಿಲು ತೆಗೀತಾಳಾ?" ಗೊತ್ತಿಲ್ಲ ಎಂದೆ. ನಿನ್ನ ಪರವಾಗಿ ಮಾತು ಕೊಡಲು ನಾನು ಯಾರು? ಈ ಭಾನುವಾರ ಬೆಳಗಿನ ಬಸ್ಸಿಗೆ ಹತ್ತಿಸುತ್ತೇನೆ. ಮಧ್ಯಾಹ್ನಕ್ಕೆ ನಿಮ್ಮಲ್ಲಿ ಇಳಿಯುತ್ತಾನೆ. ಬಸ್ ಸ್ಟ್ಯಾಂಡಿಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಮಾವ

*

ಜೂನ್ 3

ಮಾವ ಅವರಿಗೆ,

ಹೋಗಿದ್ದೆ. ಹೋಗಬಾರದು ಎಂದು ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಲೇ ಪುಟ್ಟಿಗೆ ಜಡೆ ಹಾಕಿದೆ.

ಅವರು ಬಸ್ಸಿನಿಂದ ಕೊನೆಯವರಾಗಿ ಇಳಿದರು. ಮೆಟ್ಟಿಲನ್ನು ಕಾಲಿನಿಂದ ಹುಡುಕಿ ಹುಡುಕಿ ಇಳಿಯುತ್ತಿದ್ದರು. ಹಿಂದೆ ಇದೇ ಸ್ಟ್ಯಾಂಡಿನಲ್ಲಿ ಡ್ರೈವರ್ ಸೀಟಿನಿಂದ ಹಾರಿ ಇಳಿಯುತ್ತಿದ್ದರು. ನಾನು ಎರಡು ಹೆಜ್ಜೆ ಪಕ್ಕದಲ್ಲೇ ನಿಂತಿದ್ದೆ, ನನ್ನನ್ನು ದಾಟಿ ಹೋದರು. ಬೇಕೆಂದು ಹೋದದ್ದಲ್ಲ. ಆ ಕ್ಷಣದವರೆಗೆ ನನಗೆ ನಿಮ್ಮ ಕಾಗದದ ಮಾತು ಮಾತಾಗಿಯೇ ಇತ್ತು.

ಪುಟ್ಟಿ "ಅಪ್ಪಾ" ಎಂದು ಓಡಿ ಕಾಲು ತಬ್ಬಿಕೊಂಡಳು. ನಾವು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡದ್ದೆಲ್ಲ ಒಂದು ನಿಮಿಷಕ್ಕೆ ಬರಲಿಲ್ಲ. "ಅಪ್ಪಾ, ಡಾಕ್ಟರಾಂಟಿ ನನ್ನ ಕಣ್ಣಿಗೂ ಲೈಟ್ ಬಿಟ್ರು. ನನ್ನ ಕಣ್ಣಲ್ಲೂ ನಿಂದೇ ಇದೆಯಂತೆ!" ಎಂದಳು, ಏನೋ ಬಹುಮಾನ ಬಂದವಳ ಹಾಗೆ. ಅವಳು ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಜನ ಸುತ್ತುಹಾಕಿಕೊಂಡು ಹೋದರು. ಪುಟ್ಟಿಯ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಅತ್ತಿತ್ತ ತಿರುಗಿಸಿ, ತುಂಬಾ ಹತ್ತಿರದಿಂದ ನೋಡಿದರು.

ಮನೆಗೆ ಬಂದ ಮೇಲೆ ಎರಡು ದಿನ ಮಾತಿಲ್ಲ. ಮೂರನೆಯ ದಿನ ನಾನೇ ಸಹಿಸಲಾರದೆ ಕೂಗಾಡಿದೆ. ಖಾಕಿ ಶರ್ಟು, ಕಂಡಕ್ಟರ್ ಹುಡುಗಿ, ಎಲ್ಲ ಹೇಳಿ ಅತ್ತೆ. ಅವರು ಕೇಳಿ, "ಇನ್ನೂ ಬೈ" ಎಂದರು. ಬೈದೆ. ಆಮೇಲೆ ಅನ್ನ ಬಡಿಸಿದೆ, ಉಂಡರು. ಇದನ್ನು ಸರಿಹೋಯಿತು ಎಂದು ತಿಳಿಯಬೇಡಿ. ಅವರು ತಂದ ಚೀಲ ಬಾಗಿಲ ಪಕ್ಕದಲ್ಲೇ ಇದೆ. ಅವರು ಬಿಚ್ಚಿಲ್ಲ, ನಾನೂ ಬಿಚ್ಚಿಲ್ಲ. ಕೆಲಸಕ್ಕೆ ಹೊರಡುವಾಗ ಒಮ್ಮೆ ನೋಡುತ್ತೇನೆ, ಬಂದ ಕೂಡಲೇ ಒಮ್ಮೆ ನೋಡುತ್ತೇನೆ.

ಕುಶನ್ ಅಂಗಡಿಯ ಮಾಲೀಕರನ್ನು ಕೇಳಿದ್ದೇನೆ. ಸೀಟಿಗೆ ಸ್ಪ್ರಿಂಗ್ ಕಟ್ಟುವುದು ಕೈಯ ಕೆಲಸ, ಮುಟ್ಟಿ ಮಾಡಬಹುದು. "ನೋಡೋಣ" ಎಂದಿದ್ದಾರೆ. ಇವರಿಗೆ ಹೇಳಿದರೆ, ಬಸ್ ಓಡಿಸಿದವನು ಬಸ್ಸಿನ ಸೀಟು ಕಟ್ಟಬೇಕಾ ಎಂದು ಗೋಡೆ ಕಡೆ ತಿರುಗಿದರು. ಒತ್ತಾಯ ಮಾಡಲಿಲ್ಲ.

ನೀವು ಬರೆದ ಕಾಗದಗಳನ್ನೆಲ್ಲ ಅವರಿಗೆ ಓದಿ ಹೇಳಿದೆ, ನಾನು ಬರೆದದ್ದನ್ನು ನೆನಪಿದ್ದಷ್ಟು ಹೇಳಿದೆ. ಇದನ್ನೂ ಓದಿ ಹೇಳಿಯೇ ಅಂಚೆಗೆ ಹಾಕುತ್ತೇನೆ. ಇನ್ನು ಒಬ್ಬರಿಂದ ಒಬ್ಬರಿಗೆ ಬಚ್ಚಿಡುವ ಕೆಲಸ ನನ್ನಿಂದಾಗದು.

ಈಗ ತಾನೇ ಇಲ್ಲಿವರೆಗೆ ಓದಿದೆ. ಚೀಲದ ಮಾತು ಬಂದಾಗ ಆ ಕಡೆ ಮುಖ ತಿರುಗಿಸಿದರು. ಕೊನೆಗೆ, "ನನ್ನದೂ ಒಂದು ಸಾಲು ಸೇರಿಸು" ಎಂದರು. ಪೆನ್ನು ಹಿಡಿದು ಕಾದೆ. ಹೊರಗೆ ಪುಟ್ಟಿ ಯಾರನ್ನೋ ಅಟ್ಟಿಸಿಕೊಂಡು ಓಡುತ್ತಿದ್ದಳು, ಅದನ್ನೇ ಕೇಳಿಸಿಕೊಳ್ಳುತ್ತಾ ಕೂತರು.

"ಏನಂತ ಬರೀಲಿ?" ಎಂದೆ.

"ಬೇಡ ಬಿಡು" ಎಂದರು. "ಅಪ್ಪನಿಗೆ ಗೊತ್ತಾಗುತ್ತೆ."

ನಿಮ್ಮ ಸೊಸೆ